ಸಹಿ ಹಾಕೋರು ಬೇಕು: ಕ್ಯಾಲಿಫೋರ್ನಿಯಾದಲ್ಲಿ ನನಗೆ ಕಂಟ್ರ್ಯಾಕ್ಟರ್ ಲೈಸೆನ್ಸ್ ಸಿಕ್ಕಿದ್ದು

ನಮ್ಮಪ್ಪ ದಾವಣಗೆರೆಯಲ್ಲಿ ನಲವತ್ತು ವರ್ಷ ಗಾರೆ ಕೆಲಸ ಮಾಡಿದವರು. ಊರಲ್ಲಿ ಎಲ್ಲರಿಗೂ ಅವರು ಮೇಸ್ತ್ರಿ. ಅವರು ಕಟ್ಟಿದ ಮನೆಗಳು ಇವತ್ತಿಗೂ ನಿಂತಿವೆ. ಆದರೆ ಅವನ್ನು ಕಟ್ಟಿದ್ದು ಇವರೇ ಅನ್ನುವುದಕ್ಕೆ ಒಂದು ಕಾಗದವೂ ಇಲ್ಲ. ಇದ್ದದ್ದು ಅಂಗಿ ಜೇಬಿನ ಸಣ್ಣ ನೋಟ್‌ಬುಕ್ ಒಂದೇ. ಇವತ್ತು ಯಾರು ಕೆಲಸಕ್ಕೆ ಬಂದರು, ಯಾರಿಗೆ ಎಷ್ಟು ಕೂಲಿ, ಎಷ್ಟು ಚೀಲ ಸಿಮೆಂಟ್ ಹೋಯಿತು, ಎಲ್ಲಿಯವರೆಗೆ ಗೋಡೆ ಎದ್ದಿತು, ಎಲ್ಲ ಅದರಲ್ಲೇ. ರಾತ್ರಿ ಊಟ ಆದ ಮೇಲೆ ಬರೆಯುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಕೂಡುವ ಲೆಕ್ಕ ಮಾಡಿಕೊಡುತ್ತಿದ್ದೆ.

ಆ ಅಭ್ಯಾಸವೇ ನನ್ನನ್ನು ಇಲ್ಲಿ ಕಾಪಾಡಿತು. ಅದನ್ನು ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಸಿವಿಲ್ ಡಿಪ್ಲೊಮಾ ಮುಗಿಸಿ, ಮದುವೆಯಾಗಿ, 2012ರಲ್ಲಿ ಯಜಮಾನರ ಜೊತೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದೆ. ಎಚ್-4 ವೀಸಾ. ಕೆಲಸ ಮಾಡುವ ಹಾಗಿಲ್ಲ. 2015ರ ಮೇ ತಿಂಗಳಲ್ಲಿ ನಿಯಮ ಬದಲಾಯಿತು. ಗ್ರೀನ್ ಕಾರ್ಡ್ ದಾರಿಯಲ್ಲಿ ಒಂದು ಹಂತ ದಾಟಿದವರ ಹೆಂಡತಿ ಅಥವಾ ಗಂಡ ಕೆಲಸದ ಪರವಾನಗಿ ಕೇಳಬಹುದು ಅಂತಾಯಿತು. ನನಗೂ ಸಿಕ್ಕಿತು. ಗೆಳತಿಯರೆಲ್ಲ ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸ್‌ಗೆ ಸೇರಿದರು. ನನಗೆ ಮನಸ್ಸು ಬರಲಿಲ್ಲ. ಹಳೆ ಮನೆಗಳನ್ನು ರಿಪೇರಿ ಮಾಡಿಸಿಕೊಡುವ ಒಬ್ಬ ಕಂಟ್ರ್ಯಾಕ್ಟರ್ ಹತ್ತಿರ 2016ರಲ್ಲಿ ಕೆಲಸಕ್ಕೆ ಸೇರಿದೆ. ಮೊದಲ ವರ್ಷ ಸಹಾಯಕಿ. ಮರ ಹೊರುವುದು, ಗುಡಿಸುವುದು, ಅಳತೆ ಹಿಡಿಯುವುದು.

ಇಲ್ಲಿ ಮನೆ ಅಂದರೆ ಮರ. ಇಟ್ಟಿಗೆ ಗೋಡೆ ನೋಡಿ ಬೆಳೆದ ನನಗೆ ಅದು ಹೊಸ ವಿದ್ಯೆ. 16 ಇಂಚಿಗೊಂದು ಸ್ಟಡ್, ಅಂದರೆ ನೆಟ್ಟಗಿನ ಮರದ ಕಂಬ, ನಿಲ್ಲಿಸಬೇಕು. ಮೇಲೆ ಪ್ಲೈವುಡ್ ಹೊಡೆಯುವಾಗ ಮೊಳೆಗೂ ಮೊಳೆಗೂ ಎಷ್ಟು ದೂರ ಅನ್ನುವುದು ನಕ್ಷೆಯಲ್ಲೇ ಬರೆದಿರುತ್ತದೆ. ಭೂಕಂಪದ ನಾಡು ಅಲ್ವಾ, ಮೊಳೆ ತಪ್ಪಿದರೆ ಗೋಡೆ ತಪ್ಪಿದ ಹಾಗೆ. ಇದನ್ನೆಲ್ಲ ಕಲಿಸಿದವರು ಮೆಕ್ಸಿಕೊದ ಮಿಚೊವಾಕಾನ್ ಕಡೆಯ ಒಬ್ಬ ಹಿರಿಯ ಬಡಗಿ. ಉಳಿದ ಹುಡುಗರು ಅವರನ್ನು ‘ಮಾಯೆಸ್ತ್ರೊ’ ಅಂತ ಕರೆಯುತ್ತಿದ್ದರು. ಮೊದಲ ದಿನ ಆ ಮಾತು ಕಿವಿಗೆ ಬಿದ್ದಾಗ ನಿಂತುಬಿಟ್ಟೆ. ನಮ್ಮ ‘ಮೇಸ್ತ್ರಿ’ ಪೋರ್ಚುಗೀಸರಿಂದ ಬಂದ ಮಾತು, ಅವರದು ಸ್ಪ್ಯಾನಿಷ್. ಎರಡೂ ಒಂದೇ ಬೇರಿನವು. ಅವತ್ತಿನಿಂದ ನಾನೂ ಅವರನ್ನು ಹಾಗೇ ಕರೆದೆ.

2017ರ ಕೊನೆಗೆ ನನಗೆ ಒಂದು ಗೋಡೆಯನ್ನು ಒಬ್ಬಳೇ ಕಟ್ಟಿ ನಿಲ್ಲಿಸುವುದಕ್ಕೆ ಬಂತು. 2022ರ ಹೊತ್ತಿಗೆ ಸೈಟ್‌ಗಳನ್ನು ನಾನೇ ನೋಡಿಕೊಳ್ಳುತ್ತಿದ್ದೆ. ಆಗ ಸ್ವಂತ ಲೈಸೆನ್ಸ್ ಮಾಡಿಸಬೇಕು ಅನ್ನಿಸಿತು.

ಅಮೆರಿಕದಲ್ಲಿ ಇದಕ್ಕೆ ಇಡೀ ದೇಶಕ್ಕೆ ಒಂದೇ ಕಾನೂನು ಇಲ್ಲ. ನಮ್ಮ ಅತ್ತೆ ಮಗ ಡಲ್ಲಾಸ್‌ನಲ್ಲಿದ್ದಾನೆ. ಟೆಕ್ಸಸ್‌ನಲ್ಲಿ ಜನರಲ್ ಕಂಟ್ರ್ಯಾಕ್ಟರ್‌ಗೆ ರಾಜ್ಯದ ಲೈಸೆನ್ಸೇ ಇಲ್ಲ. ಊರುಗಳು ತಮ್ಮ ಮಟ್ಟಿಗೆ ನೋಂದಣಿ ಕೇಳಬಹುದು, ಅಷ್ಟೇ. ನ್ಯೂಯಾರ್ಕ್‌ನಲ್ಲೂ ಆಯಾ ಊರಿನದೇ ನಿಯಮ. ಕ್ಯಾಲಿಫೋರ್ನಿಯಾ ಹಾಗಲ್ಲ. ಇಲ್ಲಿ 1929ರಿಂದ ಕಂಟ್ರ್ಯಾಕ್ಟರ್ಸ್ ಸ್ಟೇಟ್ ಲೈಸೆನ್ಸ್ ಬೋರ್ಡ್ ಇದೆ. ಕಚೇರಿ ಸ್ಯಾಕ್ರಮೆಂಟೊದಲ್ಲಿ. ರಸ್ತೆ, ಸೇತುವೆ, ಅಣೆಕಟ್ಟಿನಂಥ ಕೆಲಸಕ್ಕೆ ಎ ಕ್ಲಾಸ್. ಮನೆ, ಕಟ್ಟಡಕ್ಕೆ ಬಿ ಕ್ಲಾಸ್. ಒಂದೊಂದೇ ಕಸುಬಿಗೆ ಸಿ ಕ್ಲಾಸ್: ಕರೆಂಟ್‌ಗೆ ಸಿ-10, ನಲ್ಲಿ ಪೈಪಿಗೆ ಸಿ-36, ಬಣ್ಣಕ್ಕೆ ಸಿ-33, ಹೀಗೆ. ನನಗೆ ಬೇಕಿದ್ದದ್ದು ಬಿ.

ಆಗ ಲೈಸೆನ್ಸ್ ಇಲ್ಲದೆ 500 ಡಾಲರ್‌ಗಿಂತ ಕಡಿಮೆ ಕೆಲಸ ಮಾತ್ರ ಮಾಡಬಹುದಿತ್ತು. 2025ರ ಜನವರಿಯಿಂದ ಅದು 1,000 ಡಾಲರ್ ಆಗಿದೆ. ಅದಕ್ಕೂ ಶರತ್ತು ಇದೆ. ಆ ಕೆಲಸಕ್ಕೆ ಊರಿನ ಕಟ್ಟಡ ಇಲಾಖೆಯ ಪರ್ಮಿಟ್ ಬೇಕಾಗಿರಬಾರದು, ಕೂಲಿಗೆ ಜನ ಇಟ್ಟುಕೊಂಡಿರಬಾರದು. ಮೀರಿದರೆ ಅದು ಅಪರಾಧ. ಮೊದಲ ಸಲವೇ ಆರು ತಿಂಗಳವರೆಗೆ ಜೈಲು, 5,000 ಡಾಲರ್‌ವರೆಗೆ ದಂಡ ಬೀಳಬಹುದು. ಇನ್ನೂ ದೊಡ್ಡ ಏಟು ಬೇರೆ ಇದೆ. ಲೈಸೆನ್ಸ್ ಇಲ್ಲದವರು ಮಾಡಿದ ಕೆಲಸಕ್ಕೆ ದುಡ್ಡು ಕೊಡದಿದ್ದರೆ ಕೋರ್ಟಿಗೆ ಹೋಗಿ ಕೇಳುವ ಹಕ್ಕು ಇಲ್ಲ. ಮನೆ ಮಾಲೀಕರು ತಾವು ಕೊಟ್ಟ ದುಡ್ಡನ್ನೂ ವಾಪಸ್ ಕೇಳಬಹುದು. ‘ಸುಮ್ನೆ ನಾಲ್ಕು ಜನರನ್ನು ಕರೆದುಕೊಂಡು ಬಾತ್‌ರೂಮ್ ಮಾಡಿಕೊಡಿ, ನಮಗೆ ಲೈಸೆನ್ಸ್ ಯಾಕೆ’ ಅಂತ ನಮ್ಮ ಕನ್ನಡದವರೇ ಎಷ್ಟೋ ಸಲ ಕೇಳಿದ್ದರು. ಪ್ರೀತಿಯಿಂದಲೇ ಕೇಳಿದ್ದರು. ನಾನು ಒಪ್ಪಲಿಲ್ಲ.

ಅರ್ಜಿಗೆ ಬೇಕಾದ್ದು ಕೇಳುವುದಕ್ಕೆ ಸುಲಭ. ವಯಸ್ಸು 18 ಆಗಿರಬೇಕು. ಸೋಶಿಯಲ್ ಸೆಕ್ಯುರಿಟಿ ನಂಬರ್ ಅಥವಾ ತೆರಿಗೆ ನಂಬರ್ ಬೇಕು. 450 ಡಾಲರ್ ಶುಲ್ಕ. ಮತ್ತೆ, ಕಳೆದ ಹತ್ತು ವರ್ಷದೊಳಗೆ ನಾಲ್ಕು ವರ್ಷ ಪೂರ್ತಿ ಕೆಲಸದ ಅನುಭವ. ಸಹಾಯಕನಾಗಿ ದುಡಿದ ದಿನಗಳು ಲೆಕ್ಕಕ್ಕಿಲ್ಲ. ಯಾರೂ ಮೇಲೆ ನಿಂತು ಹೇಳದೆ ತಾನೇ ಕೆಲಸ ಮಾಡಬಲ್ಲ ಮಟ್ಟ ಮುಟ್ಟಿದ ಮೇಲಿನ ದಿನಗಳು ಮಾತ್ರ. ಸಿವಿಲ್‌ನಲ್ಲಿ ಬಿ.ಇ. ಮಾಡಿದವರಿಗೆ ಇಲ್ಲಿ ಒಂದು ಅನುಕೂಲ ಇದೆ. ಆ ಡಿಗ್ರಿಗೆ ಮೂರು ವರ್ಷದವರೆಗೆ ವಿನಾಯಿತಿ ಸಿಗಬಹುದು. ಆದರೆ ಒಂದು ವರ್ಷವಾದರೂ ಕೈಯಾರೆ ಮಾಡಿದ ಕೆಲಸ ಇರಲೇಬೇಕು. ನಮ್ಮ ಕಡೆಯ ಅಂಕಪಟ್ಟಿಯನ್ನು ಇಲ್ಲಿನ ಸಂಸ್ಥೆಯಿಂದ ತೂಗಿ ನೋಡಿಸಿ ಕೊಡಬೇಕು. ನನ್ನದು ಡಿಪ್ಲೊಮಾ. ನಾಲ್ಕು ವರ್ಷಕ್ಕಿಂತ ಜಾಸ್ತಿ ಕೆಲಸ ಕೈಯಲ್ಲಿತ್ತು. ಅದನ್ನೇ ನಂಬಿಕೊಂಡೆ.

ಕಷ್ಟ ಇದ್ದದ್ದು ಅನುಭವ ದೃಢೀಕರಿಸುವ ಆ ಫಾರಂನಲ್ಲಿ.

ನಾನು ಮಾಡಿದ ಕೆಲಸವನ್ನು ಕಣ್ಣಾರೆ ಕಂಡ ಒಬ್ಬರು ಅದರಲ್ಲಿ ಸಹಿ ಹಾಕಬೇಕು. ಸುಳ್ಳು ಹೇಳಿದರೆ ಶಿಕ್ಷೆಗೆ ಒಳಗಾಗುತ್ತೇನೆ ಅಂತ ಒಪ್ಪಿಕೊಂಡು ಹಾಕುವ ಸಹಿ ಅದು. ನಾನು ನೇರವಾಗಿ ನನಗೆ ಕೆಲಸ ಕೊಟ್ಟಿದ್ದ ಕಂಟ್ರ್ಯಾಕ್ಟರ್ ಹತ್ತಿರ ಹೋದೆ. ಆರು ವರ್ಷ ದುಡಿದಿದ್ದೆ. ಅವರು ಫಾರಂ ನೋಡಿ ಮಡಚಿ ವಾಪಸ್ ಕೊಟ್ಟರು. ‘ನಾಳೆ ನನ್ನ ಗಿರಾಕಿಗಳೇ ನಿನ್ನ ಹತ್ತಿರ ಬರುತ್ತಾರೆ’ ಅಂದರು. ಇನ್ನೇನೂ ಹೇಳಲಿಲ್ಲ. ಕಾರಿನಲ್ಲಿ ಬಂದು ಕೂತು ಬಹಳ ಹೊತ್ತು ಅತ್ತೆ. ಅಷ್ಟು ವರ್ಷದ ಬೆವರು ಒಬ್ಬರ ಒಂದು ಸಹಿಯ ಹಿಂದೆ ಸಿಕ್ಕಿಕೊಂಡುಬಿಟ್ಟಿತಲ್ಲ ಅನ್ನಿಸಿತು. ಅಪ್ಪನ ನೆನಪಾಯಿತು. ಎಷ್ಟು ಮನೆಗಳ ಗೃಹಪ್ರವೇಶದಲ್ಲಿ ಅವರು ಹಿಂದೆ ಬಾಗಿಲ ಹತ್ತಿರ ನಿಂತಿರುತ್ತಿದ್ದರು.

ರಾತ್ರಿ ಫಾರಂನ ಸೂಚನೆಗಳನ್ನು ಮತ್ತೆ ಓದಿದೆ. ಆಗ ಗೊತ್ತಾಯಿತು. ಸಹಿ ಕೆಲಸ ಕೊಟ್ಟವರದೇ ಆಗಬೇಕಿಲ್ಲ. ಜೊತೆಗೆ ಕೆಲಸ ಮಾಡಿದವರು, ಇನ್ನೊಬ್ಬ ಕಂಟ್ರ್ಯಾಕ್ಟರ್, ಇನ್‌ಸ್ಪೆಕ್ಟರ್, ಆರ್ಕಿಟೆಕ್ಟ್, ಎಂಜಿನಿಯರ್, ಮನೆ ಮಾಲೀಕರು, ಯಾರಾದರೂ ಆಗುತ್ತದೆ. ಕಣ್ಣಾರೆ ನೋಡಿರಬೇಕು, ಅಷ್ಟೇ. ಇದೇ ಸ್ಥಿತಿಯಲ್ಲಿರುವವರು ಯಾರಾದರೂ ಓದುತ್ತಿದ್ದರೆ ಈ ಒಂದು ಸಾಲು ದಯವಿಟ್ಟು ನೆನಪಿಟ್ಟುಕೊಳ್ಳಿ.

ಮರುದಿನ ಸಂಜೆ ಮಾಯೆಸ್ತ್ರೊ ಮನೆಗೆ ಹೋದೆ. ಅವರು ತಕ್ಷಣ ಸಹಿ ಹಾಕಲಿಲ್ಲ. ಎರಡು ದಿನ ಕೇಳಿದರು. ಮಗಳ ಹತ್ತಿರ ಫಾರಂನ ಪ್ರತಿ ಸಾಲನ್ನೂ ಸ್ಪ್ಯಾನಿಷ್‌ನಲ್ಲಿ ಓದಿಸಿಕೊಂಡರು. ಶಿಕ್ಷೆಯ ಮಾತು ಬರೆದ ಕಾಗದಕ್ಕೆ ಅಷ್ಟು ಎಚ್ಚರಿಕೆ ಬೇಕೇ ಬೇಕು. ಮೂರನೇ ದಿನ ಅವರೇ ಕರೆದರು. ಊಟ ಹಾಕಿದರು. ಆಮೇಲೆ ಕೈ ತೊಳೆದು, ಒರೆಸಿಕೊಂಡು, ನಿಧಾನಕ್ಕೆ ಸಹಿ ಹಾಕಿದರು. 2018ರ ಜನವರಿಯಿಂದ 2022ರ ಡಿಸೆಂಬರ್‌ವರೆಗೆ. ಅದರಲ್ಲಿ 2020ರ ಏಪ್ರಿಲ್ ತಿಂಗಳನ್ನು ನಾನೇ ತೆಗೆದೆ. ಕೊರೊನಾ ಅಂತ ಇಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಿನ ಬೇ ಏರಿಯಾದಲ್ಲಿ ನಮ್ಮ ಕೆಲಸವೆಲ್ಲ ನಿಂತಿದ್ದ ತಿಂಗಳು ಅದು.

2023ರ ಮಾರ್ಚ್‌ನಲ್ಲಿ ಅರ್ಜಿ ಕಳಿಸಿದೆ. ಕೆಲವು ವಾರಕ್ಕೆ ವಾಪಸ್ ಬಂತು. ತಪ್ಪು ನನ್ನದೇ. ಮಾಡಿದ ಕೆಲಸ ಏನು ಅನ್ನುವ ಜಾಗದಲ್ಲಿ ‘ಮನೆ ನವೀಕರಣದ ಎಲ್ಲ ಕೆಲಸ’ ಅಂತ ಒಂದೇ ಸಾಲು ಬರೆದಿದ್ದೆ. ಅದು ಸಾಲುವುದಿಲ್ಲ. ಬಿ ಕ್ಲಾಸ್‌ಗೆ ಮರದ ಚೌಕಟ್ಟಿನ ಕೆಲಸ ಬಂದಿರಬೇಕು, ಜೊತೆಗೆ ಒಂದಕ್ಕೊಂದು ಸಂಬಂಧ ಇಲ್ಲದ ಇನ್ನೆರಡು ಕಸುಬಾದರೂ ಮಾಡಿರಬೇಕು. ಅದನ್ನು ಬಿಡಿಸಿ ಬರೆಯಬೇಕು. ಸರಿಪಡಿಸಿ ಕಳಿಸುವುದಕ್ಕೆ 90 ದಿನ ಕೊಡುತ್ತಾರೆ. ಅಷ್ಟರಲ್ಲಿ ಕಳಿಸದಿದ್ದರೆ ಅರ್ಜಿ ರದ್ದು, ಕಟ್ಟಿದ ದುಡ್ಡೂ ಹೋಯಿತು. ಈ ಸಲ ಒಂದೊಂದೂ ಬರೆದೆ: ಗೋಡೆ ಚೌಕಟ್ಟು ಎತ್ತಿದ್ದು, ಬಾಗಿಲು ಕಿಟಕಿಯ ಮೇಲೆ ತೊಲೆ ಕೂರಿಸಿದ್ದು, ಛಾವಣಿಯ ಮರ ಜೋಡಿಸಿದ್ದು, ಅಡಿಪಾಯಕ್ಕೆ ಕಂಬಿ ಕಟ್ಟಿ ಕಾಂಕ್ರೀಟ್ ಸುರಿದಿದ್ದು, ಡ್ರೈವಾಲ್ (ಒಳಗೋಡೆಯ ಜಿಪ್ಸಮ್ ಹಲಗೆ) ಹೊಡೆದು ಮಟ್ಟ ಮಾಡಿದ್ದು, ಟೈಲ್ ಹಾಕಿದ್ದು. ಮಾಯೆಸ್ತ್ರೊ ಮತ್ತೆ ಮಗಳ ಹತ್ತಿರ ಓದಿಸಿ, ಮತ್ತೆ ಸಹಿ ಹಾಕಿದರು.

ಅರ್ಜಿ ಒಪ್ಪಿಗೆ ಆಯಿತು ಅಂದುಕೊಳ್ಳುವಷ್ಟರಲ್ಲಿ ಇನ್ನೊಂದು ಪತ್ರ ಬಂತು. ಬಂದ ಅರ್ಜಿಗಳಲ್ಲಿ ಕನಿಷ್ಠ ಶೇ. 3ರಷ್ಟನ್ನು ಆರಿಸಿ, ಅನುಭವ ನಿಜವೇ ಅಂತ ತನಿಖೆ ಮಾಡಬೇಕು ಅಂತ ಇಲ್ಲಿನ ಕಾನೂನೇ ಹೇಳುತ್ತದೆ. ಆ ಲೆಕ್ಕದಲ್ಲಿ ನನ್ನ ಅರ್ಜಿಯೂ ಬಂದಿತ್ತು. ಸಂಬಳದ ಚೀಟಿ, ವರ್ಷದ ಡಬ್ಲ್ಯು-2 ತೆರಿಗೆ ಕಾಗದ, ಪರ್ಮಿಟ್‌ಗಳು, ಕೆಲಸ ನಡೆದ ಜಾಗಗಳು, ಇರುವುದನ್ನೆಲ್ಲ ಕೊಡಿ ಅಂದರು. ಡಬ್ಲ್ಯು-2 ನನ್ನ ಹತ್ತಿರ ಇತ್ತು. ಆದರೆ ಸಂಬಳ ಬಂತು ಅಂತ ಅದು ಹೇಳುತ್ತದೆಯೇ ಹೊರತು ನಾನು ಗೋಡೆ ಕಟ್ಟಿದೆ ಅಂತ ಹೇಳುವುದಿಲ್ಲ.

ಅದನ್ನು ಹೇಳಿದ್ದು ನೋಟ್‌ಬುಕ್‌ಗಳು. ಅಪ್ಪನ ಹಾಗೆ ನಾನೂ ದಿನಾ ರಾತ್ರಿ ಬರೆಯುತ್ತಿದ್ದೆ. ಯಾರೂ ಬರೆಯಿರಿ ಅಂತ ಹೇಳಿರಲಿಲ್ಲ. ಯಾವ ರಸ್ತೆಯ ಮನೆ, ಅವತ್ತು ಏನು ಮಾಡಿದೆ, ಎಷ್ಟು ಗಂಟೆ, ಇನ್‌ಸ್ಪೆಕ್ಟರ್ ಬಂದರೇ, ಏನಂದರು. ಇಲ್ಲಿ ಪ್ರತಿ ಕೆಲಸಕ್ಕೂ ಊರಿನ ಕಟ್ಟಡ ಇಲಾಖೆಯ ಒಂದು ಕಾರ್ಡ್ ಇರುತ್ತದೆ. ಅಡಿಪಾಯ, ಚೌಕಟ್ಟು, ಇನ್ಸುಲೇಷನ್, ಡ್ರೈವಾಲ್, ಕೊನೆಯ ತಪಾಸಣೆ, ಒಂದೊಂದು ಹಂತಕ್ಕೂ ಇನ್‌ಸ್ಪೆಕ್ಟರ್ ಸಹಿ ಬೀಳುತ್ತದೆ. ಆ ಕಾರ್ಡಿನ ಫೋಟೊ ತೆಗೆದಿಡುವ ರೂಢಿಯೂ ಇತ್ತು. ಹನ್ನೊಂದು ನೋಟ್‌ಬುಕ್, ಬಹಳಷ್ಟು ಕನ್ನಡದಲ್ಲೇ. ಯಜಮಾನರು ಎರಡು ವಾರಾಂತ್ಯ ಪಕ್ಕದಲ್ಲಿ ಕೂತು ಪರ್ಮಿಟ್ ನಂಬರ್, ತಾರೀಖು, ಕೆಲಸ ಅಂತ ಇಂಗ್ಲಿಷ್‌ನಲ್ಲಿ ಪಟ್ಟಿ ಮಾಡಿಕೊಟ್ಟರು. ಬೋರ್ಡಿನವರು ಮಾಯೆಸ್ತ್ರೊಗೂ ಫೋನ್ ಮಾಡಿದರು. ಅವರು ಏನು ಹೇಳಿದರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ‘ನೋಡಿದ್ದನ್ನು ಹೇಳಿದೆ’ ಅಂದರು ಅಷ್ಟೇ. ಅನುಭವ ಒಪ್ಪಿಗೆ ಆಯಿತು.

ಈ ತನಿಖೆ ಬೇಕಿತ್ತಾ ಅಂತ ಕೆಲವರು ಕೇಳಿದರು. ಬೇಕು ಅಂತಲೇ ನನ್ನ ಅಭಿಪ್ರಾಯ. ತೊಲೆ ಎಲ್ಲಿ ಕೂರಬೇಕು ಅಂತ ಗೊತ್ತಿಲ್ಲದವರ ಕೈಗೆ ಮನೆ ಕೊಟ್ಟರೆ ಒಳಗೆ ಮಲಗುವವರ ಗತಿ ಏನು?

ಬೆರಳಚ್ಚು ಕೊಡುವ ದಿನ ಇನ್ನೊಂದು ಪೇಚು. ಇಲ್ಲಿ ಅದಕ್ಕೆ ಲೈವ್ ಸ್ಕ್ಯಾನ್ ಅನ್ನುತ್ತಾರೆ. ರಾಜ್ಯದ ನ್ಯಾಯ ಇಲಾಖೆಗೆ, ಎಫ್‌ಬಿಐಗೆ ಎರಡೂ ಕಡೆ ಹೋಗುತ್ತದೆ. ನನ್ನ ಬೆರಳನ್ನು ಮಷೀನ್ ಹಿಡಿಯಲೇ ಇಲ್ಲ. ಸಿಮೆಂಟ್, ಟೈಲ್ ಗಾರೆ, ಮರದ ಸಿಬರು ಎಲ್ಲ ಸೇರಿ ಗೆರೆಗಳು ಸವೆದಿದ್ದವು. ಅಲ್ಲಿದ್ದ ಹುಡುಗಿ ಬೆರಳಿಗೆ ಲೋಷನ್ ಹಚ್ಚಿ, ಒತ್ತಿ, ಮತ್ತೆ ಮತ್ತೆ ಪ್ರಯತ್ನಪಟ್ಟಳು. ಊರಲ್ಲಿ ರೇಷನ್ ತರುವಾಗ ಅಪ್ಪನ ಹೆಬ್ಬೆರಳು ಹತ್ತುತ್ತಿರಲಿಲ್ಲ. ಅವ್ವನೇ ಹೋಗಿ ಕೊಟ್ಟು ಬರುತ್ತಿದ್ದಳು. ಕೊನೆಗೂ ನನ್ನ ಹತ್ತೂ ಬೆರಳು ಬಂದವು.

ಪರೀಕ್ಷೆ ಎರಡು. ಒಂದು ಕಸುಬಿನದು, ಇನ್ನೊಂದು ಕಾನೂನು ಮತ್ತು ವ್ಯವಹಾರದ್ದು. ಎರಡೂ ಕಂಪ್ಯೂಟರ್ ಮುಂದೆ ಕೂತು ಸರಿಯುತ್ತರ ಆರಿಸುವಂಥವು. ಕಸುಬಿನದು ಮೊದಲ ಸಲವೇ ಆಯಿತು. ಕಾನೂನಿನದು ಆಗಲಿಲ್ಲ. ಅದನ್ನು ಹಗುರವಾಗಿ ತೆಗೆದುಕೊಂಡಿದ್ದೆ. ಮತ್ತೆ 100 ಡಾಲರ್ ಕಟ್ಟಿ, ಮೂರು ವಾರ ಕಾದು, ಆ ಒಂದನ್ನೇ ಬರೆದೆ. ಆ ಮೂರು ವಾರ ಬೆಳಗ್ಗೆ ನಾಲ್ಕೂವರೆಗೆ ಏಳುತ್ತಿದ್ದೆ. ಓದುತ್ತಾ ಓದುತ್ತಾ ಅದು ಒಣ ಕಾನೂನು ಅನ್ನಿಸುವುದು ನಿಂತಿತು. ಮನೆ ರಿಪೇರಿಗೆ ಮುಂಗಡ ಅಂತ ಒಟ್ಟು ಮೊತ್ತದ ಶೇ. 10 ಅಥವಾ 1,000 ಡಾಲರ್, ಯಾವುದು ಕಡಿಮೆಯೋ ಅದಕ್ಕಿಂತ ಹೆಚ್ಚು ಕೇಳುವ ಹಾಗಿಲ್ಲ. ಸಹಿ ಹಾಕಿದ ಮೇಲೂ ಮನೆಯವರು ಮೂರು ಕೆಲಸದ ದಿನದೊಳಗೆ ಬೇಡ ಅನ್ನಬಹುದು. 65 ತುಂಬಿದವರಿಗೆ ಐದು ದಿನ. ಐದು ಅಡಿ ಆಳದ ಗುಂಡಿಗೆ ಮನುಷ್ಯ ಇಳಿಯಬೇಕಾದರೆ ಪಕ್ಕದ ಮಣ್ಣು ಕುಸಿಯದ ಹಾಗೆ ಆಸರೆ ಕೊಡಬೇಕು. ಅಗೆಯುವ ಮೊದಲು 811ಕ್ಕೆ ಫೋನ್ ಮಾಡಿ ಗ್ಯಾಸ್, ಕರೆಂಟ್ ಲೈನ್ ಎಲ್ಲಿದೆ ಅಂತ ಗುರುತು ಹಾಕಿಸಬೇಕು. ಕೆಲಸ ಮಾಡಿದವರಿಗೆ ದುಡ್ಡು ಬರದಿದ್ದರೆ ಆ ಆಸ್ತಿಯ ಮೇಲೇ ಹಕ್ಕು ದಾಖಲಿಸಬಹುದು. ಈ ಕೊನೆಯದನ್ನು ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅಪ್ಪನ ನೋಟ್‌ಬುಕ್‌ಗಳಲ್ಲಿ ‘ಬಾಕಿ’ ಅಂತ ಬರೆದು ಎಂದೂ ಹೊಡೆದು ಹಾಕದ ಸಾಲುಗಳು ಎಷ್ಟಿದ್ದವು ಅಂತ ನನಗೆ ಗೊತ್ತು.

ಎರಡನೇ ಸಲ ಪಾಸಾಯಿತು. ಆಸ್‌ಬೆಸ್ಟಾಸ್ ಬಗ್ಗೆ ಪುಸ್ತಕ ನೋಡಿಕೊಂಡು ಬರೆಯುವ ಸಣ್ಣ ಪರೀಕ್ಷೆ ಒಂದು ಇತ್ತು, ಅದೂ ಮುಗಿಯಿತು. ಒಬ್ಬರೇ ಮಾಲೀಕರಾದರೆ ಲೈಸೆನ್ಸ್ ಶುಲ್ಕ 200 ಡಾಲರ್. ಅದರ ಜೊತೆ 25,000 ಡಾಲರ್ ಬಾಂಡ್ ಬೇಕು. 2023ಕ್ಕೆ ಮೊದಲು ಅದು 15,000 ಇತ್ತು. ಅಷ್ಟು ದುಡ್ಡು ಎಲ್ಲಿಂದ ತರುವುದು ಅಂತ ಕೆಲವರು ಇಲ್ಲಿಗೇ ಹಿಂದೆ ಸರಿಯುತ್ತಾರೆ. ಹೆದರಬೇಡಿ. ಪೂರ್ತಿ ಕಟ್ಟುವುದಲ್ಲ. ಬಾಂಡ್ ಕಂಪನಿಗೆ ವರ್ಷಕ್ಕಿಷ್ಟು ಅಂತ ಕಟ್ಟಿದರೆ ಆಯಿತು. ನನಗೆ ಕೆಲವು ನೂರು ಡಾಲರ್ ಬಿತ್ತು. ಆದರೆ ಇದು ನಮ್ಮನ್ನು ಕಾಯುವ ವಿಮೆ ಅಲ್ಲ. ನಾವು ಮನೆಯವರಿಗೆ ಅನ್ಯಾಯ ಮಾಡಿದರೆ ಬಾಂಡ್ ಕಂಪನಿ ಅವರಿಗೆ ಕೊಡುತ್ತದೆ, ಆಮೇಲೆ ನಮ್ಮಿಂದ ವಸೂಲಿ ಮಾಡುತ್ತದೆ.

2023ರ ನವೆಂಬರ್‌ನಲ್ಲಿ ನಂಬರ್ ಬಂತು. ಅಪ್ಪನಿಗೆ ಫೋನ್ ಮಾಡಿ ಒಂದೊಂದೇ ಅಂಕೆ ಓದಿ ಹೇಳಿದೆ. ‘ತಡಿಯವ್ವ, ಬರ್ಕೋತೀನಿ’ ಅಂದರು.

ಮೊದಲ ದೊಡ್ಡ ಕೆಲಸ ಫ್ರೀಮಾಂಟ್‌ನಲ್ಲೇ, ವಯಸ್ಸಾದ ಕನ್ನಡದ ದಂಪತಿಯ ಮನೆ. ಸ್ನಾನದ ಮನೆಯಲ್ಲಿ ಆಂಟಿ ಒಮ್ಮೆ ಜಾರಿ ಬಿದ್ದಿದ್ದರು. ಹಿಡಿದುಕೊಳ್ಳುವುದಕ್ಕೆ ಸರಳು, ಮೆಟ್ಟಿಲಿಲ್ಲದ ಶವರ್, ಅಗಲವಾದ ಬಾಗಿಲು ಬೇಕಿತ್ತು. ಲೆಕ್ಕ 31,000 ಡಾಲರ್ ಆಯಿತು. ಅಂಕಲ್ ಕೂಡಲೇ ಅರ್ಧ ದುಡ್ಡಿಗೆ ಚೆಕ್ ಬರೆದುಬಿಟ್ಟರು.

‘ಇಷ್ಟು ತಗೊಳ್ಳೋ ಹಾಗಿಲ್ಲ ಅಂಕಲ್. ಸಾವಿರ ಮಾತ್ರ ಕೊಡಿ.’

‘ಯಾಕಮ್ಮ, ನಮ್ಮ ಮೇಲೆ ನಂಬಿಕೆ ಇಲ್ವಾ? ನಾವೇ ಕೊಡ್ತಾ ಇದೀವಲ್ಲ.’

‘ನೀವು ನನ್ನ ನಂಬಿದೀರಿ ಅಂತ ಗೊತ್ತು. ಆದ್ರೂ ಬೇಡ. ಕೆಲಸ ಎಷ್ಟಾಗುತ್ತೋ ಅಷ್ಟಕ್ಕೆ ಕೊಡ್ತಾ ಹೋಗಿ. ಐದು ದಿನ ಯೋಚನೆ ಮಾಡಿ. ಬೇಡ ಅನ್ನಿಸಿದ್ರೆ ಈ ಕಾಗದಕ್ಕೆ ಸಹಿ ಹಾಕಿ ಕಳಿಸಿ, ಸಾವಿರನೂ ವಾಪಸ್ ಕೊಡ್ತೀನಿ.’

ಆಂಟಿ ಒಳಗಿನಿಂದ ಕನ್ನಡಕ ತಂದು ಒಪ್ಪಂದವನ್ನು ಮೊದಲಿಂದ ಕೊನೆಯವರೆಗೆ ಓದಿದರು. ನನ್ನ ಲೈಸೆನ್ಸ್ ನಂಬರನ್ನು ಬೋರ್ಡಿನ ವೆಬ್‌ಸೈಟಿನಲ್ಲಿ ಹಾಕಿ ನೋಡಿದರು. ನನಗೆ ಬಹಳ ಖುಷಿಯಾಯಿತು. ಎಲ್ಲರೂ ಹಾಗೆ ನೋಡಬೇಕು. ಅದು ಪುಕ್ಕಟೆ, ಎರಡು ನಿಮಿಷದ ಕೆಲಸ. ಲೈಸೆನ್ಸ್ ಚಾಲ್ತಿಯಲ್ಲಿದೆಯಾ, ಬಾಂಡ್ ಇದೆಯಾ, ಕೆಲಸಗಾರರ ವಿಮೆ ಇದೆಯಾ, ಎಲ್ಲ ಅಲ್ಲೇ ಕಾಣುತ್ತದೆ.

ಐದು ದಿನ ಕಾದೆ. ಪರ್ಮಿಟ್ ಬಂದ ಮೇಲೆ ಮಾಯೆಸ್ತ್ರೊ ಜೊತೆ ಕೆಲಸ ಶುರು ಮಾಡಿದೆ. ಅವರು ಹಳೆಯ ಕಡೆ ಬಿಟ್ಟು ನನ್ನ ಹತ್ತಿರ ಬಂದಿದ್ದರು. ಕೂಲಿಗೆ ಜನ ಇಲ್ಲದ ಬಿ ಕ್ಲಾಸ್‌ನವರಿಗೆ ಕೆಲಸಗಾರರ ವಿಮೆಯಿಂದ ಸದ್ಯಕ್ಕೆ ವಿನಾಯಿತಿ ಇದೆ. ಆದರೆ ಒಬ್ಬರು ಬಂದರೂ ವಿಮೆ ಬೇಕು. ಅವರು ಕೈಗೆ ಸುತ್ತಿಗೆ ತೆಗೆದುಕೊಳ್ಳುವ ಮೊದಲೇ ಮಾಡಿಸಿದ್ದೆ. ಚೌಕಟ್ಟಿನ ತಪಾಸಣೆ ದಿನ ಇನ್‌ಸ್ಪೆಕ್ಟರ್ ರಸಮಟ್ಟ ಇಟ್ಟು, ಮೊಳೆ ನೋಡಿ, ಕಾರ್ಡಿಗೆ ಸಹಿ ಹಾಕಿ ಹೋದರು. ನಾನು ಫೋಟೊ ತೆಗೆದೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಮಾಯೆಸ್ತ್ರೊ ಕೇಳಿದರು. ಆ ಫಾರಂ, ತಾವು ಎರಡು ಸಲ ಸಹಿ ಹಾಕಿದ್ದು, ಅದರ ಖಾಲಿ ಪ್ರತಿ ಇನ್ನೊಂದು ಸಿಗುತ್ತದಾ ಅಂತ. ಯಾರಿಗೆ ಅಂದೆ. ಅವರು ತಮ್ಮ ಎದೆ ಮುಟ್ಟಿ ತೋರಿಸಿದರು.

ಅವತ್ತು ರಾತ್ರಿ ಹಳೆಯ ನೋಟ್‌ಬುಕ್‌ಗಳನ್ನು ಮತ್ತೆ ಕೆಳಗಿಳಿಸಿದೆ. ಪ್ರತಿ ಪುಟದಲ್ಲೂ ಅವರಿದ್ದರು. 2018ರ ಜನವರಿ, ಮೊದಲ ಸೋಮವಾರದಿಂದ ಬರೆಯುವುದಕ್ಕೆ ಶುರು ಮಾಡಿದೆ.